ಪರೀಕ್ಷೆಯ ಅಂಕವೋ, ಪ್ರಾಜೆಕ್ಟ್ ಅಂಕವೋ?

ಮಗಳು ಎಂಟನೇ ಕ್ಲಾಸಿಗೆ ಹೋಗಬೇಕು, ಒಂದು ಶಾಲೆಯಲ್ಲಿ ಬರೀ ಪರೀಕ್ಷೆ, ಇನ್ನೊಂದರಲ್ಲಿ ಪ್ರಾಜೆಕ್ಟಿಗೇ ಜಾಸ್ತಿ ಅಂಕ, ಯಾವುದು ವಾಸಿ ಅಂತ ಕೇಳಿದ್ದೀರಿ. ನಾನು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಎರಡೂ ಥರದ ಅಂಕ ಹಾಕಿದ್ದೇನೆ, ಎರಡರಲ್ಲೂ ಎಡವಿದ್ದೇನೆ.

ನಮ್ಮ ಎಸ್‌ಎಸ್‌ಎಲ್‌ಸಿಯಲ್ಲಿ ಅಂಕ ಎರಡು ಭಾಗ. ಪ್ರಥಮ ಭಾಷೆಗೆ ಬರೆಯುವ ಪರೀಕ್ಷೆ 100, ಇಂಟರ್ನಲ್ಸ್, ಅಂದರೆ ಶಾಲೆಯ ಟೀಚರೇ ಹಾಕುವ ಅಂಕ, 25. ಗಣಿತದಂಥ ವಿಷಯಕ್ಕೆ 80 ಮತ್ತು 20. ಆ ಇಪ್ಪತ್ತನ್ನು ನಾನು ಮೊದಮೊದಲು ಸುಮ್ನೆ ಹಂಚುತ್ತಿದ್ದೆ. ಎಲ್ಲರಿಗೂ ಹದಿನೆಂಟು, ಇಲ್ಲವೇ ಹತ್ತೊಂಬತ್ತು. ಯಾಕೆಂದರೆ ಮಕ್ಕಳು ತರುತ್ತಿದ್ದದ್ದು ಥರ್ಮಾಕೋಲ್ ಮಾಡೆಲ್, ಮಿನುಗು ಪೇಪರ್ ಅಂಟಿಸಿದ ಚಾರ್ಟ್. ಅರ್ಧ ಅಪ್ಪ ಮಾಡಿದ್ದು, ಅರ್ಧ ಸ್ಟೇಷನರಿ ಅಂಗಡಿಯದ್ದು. ಅದಕ್ಕೆ ಅಂಕ ಹಾಕಿದರೆ ಅಪ್ಪ ಪಾಸಾದ ಹಾಗೆ, ಅಲ್ವಾ?

ಒಂದು ವರ್ಷ ಹತ್ತನೇ ಕ್ಲಾಸಿನ ಸಂಖ್ಯಾಶಾಸ್ತ್ರದ ಪಾಠಕ್ಕೆ ಬೇರೆ ಕೆಲಸ ಕೊಟ್ಟೆ. ನಿಮ್ಮ ಬೀದಿಯ ಹತ್ತು ಮನೆಗೆ ಹೋಗಿ, ದಿನಕ್ಕೆ ಎಷ್ಟು ಬಿಂದಿಗೆ ನೀರು ಬೇಕು ಅಂತ ಕೇಳಿ ಬರೆದುಕೊಂಡು ಬನ್ನಿ. ಲೆಕ್ಕ ಮಾತ್ರ ಕ್ಲಾಸಿನಲ್ಲೇ, ನನ್ನ ಮುಂದೆಯೇ. ಒಬ್ಬ ಹುಡುಗ ತಂದದ್ದು 6, 7, 7, 8, 8, 8, 9, 9, 10, 48. ಆ ನಲವತ್ತೆಂಟು ಬೋರ್‌ವೆಲ್ ಇದ್ದ ಮನೆ. ಸರಾಸರಿ 12 ಬಂತು. ಸರಿ ಅಂತ ಟಿಕ್ ಹಾಕಲು ಹೋದೆ. ಅವನು ತಡೆದ. ‘ಸಾರ್, ನಮ್ಮ ಬೀದೀಲಿ ಯಾರ ಮನೇಲೂ ಹನ್ನೆರಡು ಬಿಂದಿಗೆ ಇಲ್ವಲ್ಲ!’ ಮಧ್ಯಾಂಕ, ಅಂದರೆ ಸಂಖ್ಯೆಗಳನ್ನು ಕ್ರಮವಾಗಿ ಜೋಡಿಸಿದಾಗ ನಡುವೆ ಬರುವ ಬೆಲೆ, ತೆಗೆದ, 8. ‘ಇದು ನಮ್ಮ ಬೀದಿ’ ಅಂದ. ಅಷ್ಟು ವರ್ಷ ಬೋರ್ಡಿನ ಮೇಲೆ ಸೂತ್ರ ಬರೆದ ನನಗೂ ಮಧ್ಯಾಂಕ ಯಾಕೆ ಬೇಕು ಅಂತ ಅಷ್ಟು ಚೆನ್ನಾಗಿ ಹೇಳಲು ಬಂದಿರಲಿಲ್ಲ.

ಅದೇ ಹುಡುಗ ಅದೇ ಪಾಠದ ಕಿರುಪರೀಕ್ಷೆಯಲ್ಲಿ 20ಕ್ಕೆ 9 ತೆಗೆದ. ಕೂಡುವುದರಲ್ಲಿ ತಪ್ಪು, ಅಂಕಿಗಳನ್ನು ಗುಂಪು ಗುಂಪಾಗಿ ವಿಂಗಡಿಸುವ ವರ್ಗಾಂತರದ ಪಟ್ಟಿ ಅರ್ಧಕ್ಕೇ ನಿಂತಿತ್ತು. ಆ 9 ಸುಳ್ಳಲ್ಲ. ಅವನಿಗೆ ಕೈ ಓಡುತ್ತಿರಲಿಲ್ಲ, ಅದನ್ನು ಪ್ರಾಜೆಕ್ಟ್ ತೋರಿಸಿರಲಿಲ್ಲ. ಆಮೇಲೆ ಎರಡು ತಿಂಗಳು ದಿನಾ ಬರೆಸಿದೆ.

ಹಾಗಾಗಿ ‘ಪ್ರಾಜೆಕ್ಟ್ ಶಾಲೆ’ ಅನ್ನುವ ಬೋರ್ಡು ನೋಡಿ ಸೇರಿಸಬೇಡಿ. ಹೋಗಿ, ಹಿಂದಿನ ವರ್ಷದ ಮಕ್ಕಳ ಎರಡು ಪ್ರಾಜೆಕ್ಟ್ ಪುಸ್ತಕ ತೋರಿಸಿ ಅನ್ನಿ. ಕಾಟು ಹೊಡೆದದ್ದು, ತಿದ್ದಿ ಬರೆದದ್ದು ಇದೆಯಾ? ಅಂಕದ ಪಕ್ಕ ಟೀಚರ್ ಒಂದು ಸಾಲಾದರೂ ಬರೆದಿದ್ದಾರಾ? ಮಗು ಕೆಲಸ ಮಾಡಿದ್ದು ಕ್ಲಾಸಿನಲ್ಲಾ, ಮನೆಯಲ್ಲಾ? ಎಲ್ಲ ಪುಸ್ತಕವೂ ಮದುವೆ ಆಲ್ಬಮ್ ಥರ ಥಳಥಳ ಅಂದರೆ ಬರೀ ಪರೀಕ್ಷೆಯ ಆ ಇನ್ನೊಂದು ಶಾಲೆಯೇ ಇರಲಿ. ಅಲ್ಲಿಯೂ ತಿದ್ದಿದ ಉತ್ತರಪತ್ರಿಕೆ ಮಕ್ಕಳ ಕೈಗೆ ವಾಪಸ್ ಕೊಡುತ್ತಾರಾ ಅಂತ ಕೇಳಿಕೊಂಡೇ ಫೀಸು ಕಟ್ಟಿ.