ವೆರ್ನಾತ್ಸಾದಲ್ಲಿ ಹಳೆ ಊರು ಎಲ್ಲಿದೆ?

ಇಟಲಿಯ ಚಿಂಕ್ವೆ ತೆರ್ರೆ ಕರಾವಳಿಯ ಪುಟ್ಟ ಊರು ವೆರ್ನಾತ್ಸಾದಲ್ಲಿ ಬರೀ ನೂಕುನುಗ್ಗಲು, ಹಳೆ ಊರಿನ ಸುಳಿವೇ ಸಿಗಲಿಲ್ಲ ಅಂದಿದ್ದೀರಿ. ಬರೀ ನೂಕುನುಗ್ಗಲು, ಹಳೆ ಊರಿನ ಸುಳಿವೇ ಸಿಗಲಿಲ್ಲ ಅಂದಿದ್ದೀರಿ. ಮಧ್ಯಾಹ್ನ ಹತ್ತಿರದ ನಗರ ಲಾ ಸ್ಪೆತ್ಸಿಯಾ ಕಡೆಯಿಂದ ಬರುವ ರೈಲುಗಳು ಜನರನ್ನು ತಂದು ಸುರಿಯುತ್ತವೆ. ಶನಿವಾರ ಮತ್ತೆ ಹೋಗುವುದಾದರೆ ಬೆಳಗ್ಗೆ ಎಂಟರೊಳಗೆ ಅಲ್ಲಿರಿ.

ಮೊದಲು ಬಂದರಿನ ಪಕ್ಕದ ಸಾಂತಾ ಮಾರ್ಗರಿತಾ ಚರ್ಚ್ ನೋಡಿ. 1318ರ ಹೊತ್ತಿನದು, ನಿಂತಿರುವುದು ನೀರಿನಂಚಿನ ಬಂಡೆಯ ಮೇಲೆ. ಆಮೇಲೆ ಕೋಟೆಯ ದುಂಡು ಗೋಪುರ ಹತ್ತಿ. ಕಡಲ್ಗಳ್ಳರ ಮೇಲೆ ಕಣ್ಣಿಡಲು ಕಟ್ಟಿದ್ದು ಅದು. ಹಿಂದೆ ಈ ಊರು ಜಿನೋವಾ ನಗರದ ಗಣರಾಜ್ಯದ ಕೈಯಲ್ಲಿತ್ತು.

ಆದರೆ ಊರಿನ ನಿಜವಾದ ಬದುಕು ಮೇಲಿದೆ. ಪಕ್ಕದ ಊರು ಮೊಂತೆರೊಸ್ಸೊ ಕಡೆಯ ಕಾಲುದಾರಿಯಲ್ಲಿ ಅರ್ಧ ಗಂಟೆ ಏರಿ, ಹಿಂತಿರುಗಿ ನೋಡಿ. ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟ ಗೋಡೆಗಳು, ನಡುವೆ ಸಣ್ಣ ಸಣ್ಣ ಪಟ್ಟಿಗಳಲ್ಲಿ ದ್ರಾಕ್ಷಿ. ಶತಮಾನಗಳ ಕೈದುಡಿಮೆ ಅದು. 1997ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದೂ ಈ ಇಡೀ ನೆಲಕ್ಕಾಗಿ, ಬಣ್ಣದ ಮನೆಗಳಿಗಷ್ಟೇ ಅಲ್ಲ. ಬೇಸಾಯ ಬಿಟ್ಟ ಕಡೆ ಗೋಡೆ ಜರಿಯುತ್ತದೆ, ಗುಡ್ಡವೂ ಸಡಿಲವಾಗುತ್ತದೆ. 2011ರ ಅಕ್ಟೋಬರ್ 25ರ ಮಳೆಗೆ ಮುಖ್ಯ ಬೀದಿಯ ಅಂಗಡಿಗಳೆಲ್ಲ ಕೆಸರಿನಲ್ಲಿ ಹೂತುಹೋದವು. ಮೂವರು ಸತ್ತರು. ಈಗ ನಿಮಗೆ ಕಾಣುವ ಬೀದಿ ಆಮೇಲೆ ಊರಿನವರು ಎದ್ದು ಕಟ್ಟಿಕೊಂಡದ್ದು.

ಶನಿವಾರ ಈ ಕಾಲುದಾರಿ ತೆರೆದಿರುತ್ತದೆ ಅಂತ ಖಾತ್ರಿ ಹೇಳಲಾರೆ, ಮಳೆ ಮುನ್ಸೂಚನೆ ಇದ್ದರೆ ಮುಚ್ಚುತ್ತಾರೆ. ಹಿಂದಿನ ರಾತ್ರಿಯೇ ಚಿಂಕ್ವೆ ತೆರ್ರೆ ರಾಷ್ಟ್ರೀಯ ಉದ್ಯಾನದ ಜಾಲತಾಣ ನೋಡಿ, ಕಾಲುದಾರಿಯಲ್ಲಿ ನಡೆಯಲು ಬೇಕಾದ ಕಾರ್ಡ್ ತಗೊಳ್ಳಿ. ಚಪ್ಪಲಿ ಬೇಡ, ಹಿಡಿತ ಇರುವ ಶೂ ಹಾಕಿ.