‘ಟ್ರೈನ್‌ಸ್ಪಾಟಿಂಗ್’ ನೋಡಿ ಮಂಡ್ಯದಲ್ಲಿ ಚಟದ ಬಗ್ಗೆ ಕಿರುಚಿತ್ರ ಮಾಡುತ್ತಿದ್ದೇವೆ. ಅದರಲ್ಲಿ ಎಲ್ಲರೂ ಬಿಳಿ ಗಂಡಸರೇ. ನಮ್ಮದರಲ್ಲಿ ಹಾಗಾಗದಂತೆ ಏನು ಮಾಡಬೇಕು?

ತಲೆ ಎಣಿಸಿದರೆ ನೀವು ಹೇಳಿದ್ದು ಹೆಚ್ಚುಕಡಿಮೆ ಸರಿ. ಆದರೂ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಹೆರಾಯಿನ್ ಚಟಕ್ಕೆ ಬಿದ್ದ ಗೆಳೆಯರ ಕಥೆಯಾದ 1996ರ ಆ ಚಿತ್ರದಿಂದ ಕದಿಯಬೇಕಾದ್ದು ಒಂದಿದೆ: ಭಾಷೆ. ಕಥೆ ಹೇಳುವ ರೆಂಟನ್ ಒಳಗೊಳಗೇ ಯೋಚಿಸುವುದೂ ಸ್ಕಾಟ್ಲೆಂಡಿನ ಧಾಟಿಯಲ್ಲೇ. ಅಮೆರಿಕದವರಿಗೆ ಅರ್ಥವಾಗಲೆಂದು ಮೊದಲ ಭಾಗದ ಕೆಲವು ಮಾತು ಮತ್ತೆ ಡಬ್ ಮಾಡಬೇಕಾಯಿತು. ನಮ್ಮಲ್ಲಿ ಮಂಡ್ಯದ ಮಾತು ಬರುವುದು ನಗಿಸೋಕೆ, ಇಲ್ಲವೇ ಮಚ್ಚು ಹಿಡಿದವನ ಬಾಯಲ್ಲಿ. ನಾನಾದರೆ ಮೊದಲು ಹಿನ್ನೆಲೆ ದನಿಯನ್ನು ಸರಿ ಮಾಡುತ್ತೇನೆ: ‘ಹೋಗುತ್ತೇನೆ’ ಬೇಡ, ‘ಓಯ್ತೀನಿ’ ಇರಲಿ. ಪುಸ್ತಕದ ಕನ್ನಡದಲ್ಲಿ ಬರೆದು ಆಮೇಲೆ ತಿರುಗಿಸಿದರೆ ನಾಟಕವಾಗುತ್ತದೆ. ಊರಿನವರಿಗೆ ಸನ್ನಿವೇಶ ಹೇಳಿ, ಅವರು ಆಡಿದ್ದನ್ನು ಫೋನಿನಲ್ಲಿ ಹಿಡಿದು, ಹಾಗೇ ಬರೆದುಕೊಳ್ಳಿ.

ಹೆಂಗಸರ ವಿಷಯದಲ್ಲಿ ಚಿತ್ರ ಸೋಲುತ್ತದೆ. ಗುಂಪಿನಲ್ಲೇ ಇರುವ ಆಲಿಸನ್‌ಳ ಮಗು ಸತ್ತ ದೃಶ್ಯ ನೋಡಿ. ಅವಳಿಗೂ ಹೆರಾಯಿನ್ ಡೋಸ್ ಸಿಗುತ್ತದೆ, ರೆಂಟನ್ ತಗೊಂಡ ಮೇಲೆ. ಅವರೊಳಗಿನ ಗಂಡಸರ ದರ್ಪ ಅಷ್ಟರಲ್ಲೇ ಬಯಲು. ಆಮೇಲೆ ಅವಳ ದುಃಖ ಏನಾಯಿತೆಂದು ಯಾರೂ ವಿಚಾರಿಸುವುದಿಲ್ಲ. ನಿಮ್ಮ ಸ್ಕ್ರಿಪ್ಟಿನಲ್ಲಿ ಅಮ್ಮ, ಹೆಂಡತಿ ಬರುವ ದೃಶ್ಯಗಳನ್ನು ಬೇರೆ ಹಾಳೆಗೆ ಎತ್ತಿಕೊಳ್ಳಿ. ಎಲ್ಲದರಲ್ಲೂ ‘ಮತ್ತೆ ಕುಡ್ಕೊಂಡ್ ಬಂದ್ಯಾ?’ ಅಂತಲೇ ಇದ್ದರೆ ಹರಿದು ಹಾಕಿ. ಡೈರಿ ದುಡ್ಡು ಎಲ್ಲಿ ಬಚ್ಚಿಡುತ್ತಾಳೆ, ಸಂಘದ ಕಂತು ಹೇಗೆ ತಪ್ಪಿತು, ಇಂಥ ಒಂದಾದರೂ ಅವನಿಲ್ಲದ ಹೊತ್ತಿನಲ್ಲಿ ನಡೆಯಲಿ.

ಕುಡುಕ ಅಂದಕೂಡಲೇ ಕ್ಯಾಮೆರಾ ಕೇರಿಗೆ ಓಡುವುದು ಬೇಡ. ಗದ್ದೆಯಿರುವ ಗೌಡರ ಮನೆಯಲ್ಲೂ, ಮೈಸೂರಿನ ಕುವೆಂಪುನಗರದಲ್ಲೂ ಕುಡಿತ ಇದೆ.

ಸಿರಿಂಜನ್ನೂ ಸುಮ್ಮನೆ ತರಬೇಡಿ. 1980ರ ದಶಕದ ಎಡಿನ್‌ಬರೋದಲ್ಲಿ ಹೊಸ ಸೂಜಿ ಸಿಗದೆ ಒಂದನ್ನೇ ಹಂಚಿಕೊಂಡಿದ್ದರಿಂದ ಎಚ್‌ಐವಿ ಹಬ್ಬಿತ್ತು. ಚಿತ್ರದಲ್ಲಿ ರೆಂಟನ್‌ನ ಗೆಳೆಯ ಟಾಮಿಯ ಸಾವಿನ ಹಿಂದೆ ಆ ಚರಿತ್ರೆಯಿದೆ. ನಮ್ಮಲ್ಲಿ ಕುಡಿತವೇ ಹೆಚ್ಚು: 2019ರ ರಾಷ್ಟ್ರೀಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ 10ರಿಂದ 75 ವಯಸ್ಸಿನವರಲ್ಲಿ ಕುಡಿಯುವವರು ಶೇ. 14.6, ಅಫೀಮು ಜಾತಿಯ ಮಾದಕ ಬಳಸುವವರು ಸುಮಾರು ಶೇ. 2.

ಹೆಚ್ಚು ಎಡವುವುದು, ಚಟ ಬಿಡಿಸಲು ರೂಮಿಗೆ ಹಾಕಿ ಬೀಗ ಜಡಿಯುವ ದೃಶ್ಯದಲ್ಲಿ; ಚಿತ್ರದಲ್ಲಿ ರೆಂಟನ್‌ನನ್ನು ಮನೆಯವರು ಹಾಗೆ ಕೂಡಿಹಾಕುತ್ತಾರೆ. ಹೆರಾಯಿನ್ ಬಿಟ್ಟ 8ರಿಂದ 12 ಗಂಟೆಗೆ ಮೈನೋವು, ವಾಂತಿ, ಭೇದಿ ಶುರುವಾಗಿ ಎರಡು-ಮೂರನೇ ದಿನ ತಾರಕಕ್ಕೇರುತ್ತದೆ. ನರಕವೇ, ಆದರೆ ಅದರಿಂದ ಸಾಯುವುದು ಅಪರೂಪ. ಕುಡಿತ ಹಾಗಲ್ಲ. ವರ್ಷಗಟ್ಟಲೆ ದಿನಾ ಕುಡಿದವನು ದಿಢೀರನೆ ನಿಲ್ಲಿಸಿದರೆ 6–8 ಗಂಟೆಗೆ ಕೈನಡುಕ, ಮೊದಲೆರಡು ದಿನದೊಳಗೆ ಫಿಟ್ಸ್, 48–72 ಗಂಟೆಗೆ ಭ್ರಮೆ, ಬಡಬಡಿಕೆ, ಜೀವವೇ ಹೋಗಬಹುದು. (ಕೂಡಿಹಾಕಿದ ರೆಂಟನ್‌ಗೆ ಸತ್ತ ಮಗು ಸೂರಿನಲ್ಲಿ ತೆವಳುವಂತೆ ಕಾಣುತ್ತದಲ್ಲ, ಆ ಭ್ರಮೆ ಹೊಂದುವುದೂ ಕುಡಿತ ಬಿಟ್ಟವನಿಗೇ.) ನಿಮ್ಮ ಪಾತ್ರವನ್ನು ಕೂಡಿಹಾಕಿದರೂ, ಬಾಗಿಲು ಒಡೆದು ಆಸ್ಪತ್ರೆಗೆ ಒಯ್ಯುವುದನ್ನು ತೋರಿಸಿ. ನೋಡಿದವರು ಮನೆಯಲ್ಲಿ ಪ್ರಯೋಗ ಮಾಡಿಯಾರು.

ಆ ಚಿತ್ರದ ನಟರಿಗೆ ಪಾಠ ಹೇಳಿದ್ದು ಗ್ಲಾಸ್ಗೋದ ಕಾಲ್ಟನ್ ಅಥ್ಲೆಟಿಕ್, ಚಟ ಬಿಟ್ಟವರ ಗುಂಪು. ಶುರುವಿನ ಫುಟ್‌ಬಾಲ್ ಪಂದ್ಯದಲ್ಲಿ ಎದುರಾಳಿಗಳೂ ಅವರೇ. ನೀವು ಕುಡಿತ ಬಿಡುವವರ ಗುಂಪಾದ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್) ಸಭೆಗೆ ಹೋಗುವುದಾದರೆ, ಹೊರಗಿನವರೂ ಬರಬಹುದಾದ ‘ಓಪನ್’ ಸಭೆಗೆ ಮಾತ್ರ, ಅದೂ ಕ್ಯಾಮೆರಾ, ರೆಕಾರ್ಡರ್ ಇಲ್ಲದೆ. ಚಟ ಬಿಟ್ಟವರನ್ನೇ ನಟಿಸಲು ಕರೆದರೆ ಕೈಗೆ ಬಳಸಿದ 90 ಎಂಎಲ್ ಮದ್ಯದ ಪ್ಯಾಕೆಟ್ ಕೊಡಬೇಡಿ, ತೊಳೆದರೂ ವಾಸನೆ ಉಳಿಯುತ್ತದೆ. ಬಣ್ಣದ ಕಾಗದದಲ್ಲಿ ಹೊಸದು ಮಾಡಿಸಿ, ಒಳಗೆ ನೀರು ತುಂಬಿ.