‘ಗೆಟ್’ಗೆ ಡಚ್‌ನಲ್ಲಿ ಒಂದೇ ಪದ ಹುಡುಕ್ಬೇಡಿ

ನಿಮ್ಮ ಪ್ರಶ್ನೆ ಇದು: ಇನ್ನೆರಡು ತಿಂಗಳಲ್ಲಿ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ಗೆ ಬರ್ತಿದೀನಿ ಅಕ್ಕ, ಆಫೀಸಲ್ಲಿ ಎಲ್ಲಾ ಇಂಗ್ಲಿಷೇ ಅಂತಾರೆ, ಆದ್ರೂ ಆಪ್ ಹಾಕ್ಕೊಂಡು ಡಚ್ ಶುರು ಮಾಡಿದೀನಿ, ಗೆಟ್ ಅನ್ನೋ ಒಂದೇ ಪದಕ್ಕೆ ಒಂದೊಂದ್ಸಲ ಒಂದೊಂದು ತೋರಿಸಿ ತಲೆ ಕೆಡಿಸ್ತಿದೆ, ‘ಕ್ರೈಖನ್’ ಒಂದನ್ನ ಕಲ್ತ್ಕೊಂಡ್ರೆ ಸಾಕಾ ಅಂತ. ಆಮೇಲೆ ಊರಿಂದ ಕುಕ್ಕರ್ ತರ್ಲಾ ಅಂತ. ಕುಕ್ಕರ್ ಕೊನೇಲಿ ಹೇಳ್ತೀನಿ.

ಸಾಕಾಗಲ್ಲ. ನಾನೂ ಬಂದ ಹೊಸದ್ರಲ್ಲಿ ಹಂಗೇ ಅನ್ಕೊಂಡು ಮರ್ಯಾದೆ ಕಳ್ಕೊಂಡೋಳು. ಮಗಳಿಗೆ ಆಗ ಎರಡು ವರ್ಷ, ಡೇಕೇರ್‌ನಲ್ಲಿ ಬಿಡ್ತಿದ್ವಿ. ಒಂದಿನ ಜೋರು ಮಳೆ, ಸೈಕಲ್ ನಿಲ್ಲಿಸಿ ರೈನ್‌ಕೋಟಿಂದ ನೀರು ಸುರಿಸ್ಕೊಂಡು ಒಳಗೆ ಹೋಗಿ, ದಾರಿಯುದ್ದಕ್ಕೂ ಬಾಯಿಪಾಠ ಮಾಡ್ಕೊಂಡಿದ್ದ ವಾಕ್ಯ ಒಪ್ಪಿಸ್ದೆ: ‘ಇಕ್ ಕೊಮ್ ಮೈನ್ ದೊಖ್ತರ್ ಕ್ರೈಖನ್’. ಐ ಕೇಮ್ ಟು ಗೆಟ್ ಮೈ ಡಾಟರ್, ಸರಿ ತಾನೆ? ಅಲ್ಲಿದ್ದ ಹುಡುಗಿ ಒಂದ್ಸಲ ನನ್ನ ಮುಖ ನೋಡಿದ್ಲು, ಒಂದ್ಸಲ ಹೊಟ್ಟೆ ನೋಡಿದ್ಲು, ಆಮೇಲೆ ‘ಹೀರ್? ನ್ಯೂ?’ ಅಂದ್ಲು. ಇಲ್ಲಾ? ಈಗ್ಲಾ? ಅಂತ. ಡಚ್‌ನಲ್ಲಿ ಮಗು ಕ್ರೈಖನ್ ಅಂದ್ರೆ ಹೆರೋದು. ನಾನು ಹೇಳ್ಬೇಕಿದ್ದಿದ್ದು ‘ಒಪ್‌ಹಾಲನ್’, ಹೋಗಿ ಕರ್ಕೊಂಡು ಬರೋದು.

ಆವತ್ತು ರಾತ್ರಿ ಪಾತ್ರೆ ತೊಳೀತಾ ಹೊಳೆದಿದ್ದು ಏನಂದ್ರೆ, ನಾನು ಕನ್ನಡದಿಂದ ಇಂಗ್ಲಿಷ್‌ಗೆ ಹೋಗಿ ಅಲ್ಲಿಂದ ಡಚ್‌ಗೆ ಹೋಗ್ತಿದೀನಿ, ಮೈಸೂರಿಂದ ಮಂಡ್ಯಕ್ಕೆ ಹೋಗೋಕೆ ಊಟಿ ಸುತ್ತಿ ಬಂದಂಗೆ. ಗೆಟ್ ಅನ್ನೋದು ಒಂದು ಗೋಣಿಚೀಲ, ಇಂಗ್ಲಿಷಿನೋರು ಎಲ್ಲಾನೂ ಅದ್ರೊಳಗೆ ತುರುಕಿದಾರೆ. ಕನ್ನಡದಲ್ಲಿ ನಾವು ಬೇರೆ ಬೇರೆ ಡಬ್ಬೀಲಿ ಇಟ್ಟಿದೀವಿ, ಡಚ್ಚರೂ ಇಟ್ಟಿದಾರೆ, ಮತ್ತೆ ಆ ಡಬ್ಬಿಗಳು ಸುಮಾರಾಗಿ ಒಂದಕ್ಕೊಂದು ಹೊಂದುತ್ವೆ. ಹಂಗಾಗಿ ಆಪ್ ಗೆಟ್ ಅಂತ ತೋರಿಸ್ದಾಗ ಮೊದ್ಲು ಮನಸಲ್ಲಿ ಕನ್ನಡದಲ್ಲಿ ಹೇಳ್ಕೊಳಿ, ಆಮೇಲೆ ಡಚ್.

ತಾನಾಗೇ ನಮ್ಮ ಹತ್ರ ಬರೋದು, ಸಿಗೋದು ಕ್ರೈಖನ್. ಗಿಫ್ಟ್ ಸಿಗೋದು, ಜ್ವರ ಬರೋದು, ಮನೆಗೆ ನೆಂಟ್ರು ಬರೋದು ಎಲ್ಲಾ ಅದೇ. ಫ್ರೆಂಡ್ಸ್ ಜೊತೆ ಕಾಫಿ ಕುಡಿದು ಬಂದ್ರೆ ಸಂಜೆ ಒಳಗೆ ‘ಇಕ್ ಕ್ರೈಖ್ ನೊಖ್ ಫೈಫ್ ಉರೋ ಫನ್ ಯ’ ಅಂತ ಮೆಸೇಜು, ಕೆಳಗೇ ದುಡ್ಡು ಕಟ್ಟೋಕೆ ಟಿಕ್ಕಿ ಅನ್ನೋ ಆಪ್‌ನ ಲಿಂಕು. ಅಂದ್ರೆ ‘ನಿನ್ನಿಂದ ನಂಗೆ ಇನ್ನೂ ಐದು ಯೂರೋ ಬರ್ಬೇಕು’. ನೋಡಿ, ನಮ್ಮ ಅಂಗಡಿ ಶೆಟ್ರು ಹೇಳೋ ಹಂಗೇ ಇದೆ, ಇಂಗ್ಲಿಷಲ್ಲಿ ಇದನ್ನ ಹೇಳೋಕೆ ಯೂ ಓ ಮಿ ಅಂತ ತಿರುಗಿಸಿ ಹೇಳ್ಬೇಕು. (ಐದು ಯೂರೋಗೂ ಕೇಳ್ತಾರಾ ಅಂತ ಬೇಜಾರು ಮಾಡ್ಕೋಬೇಡಿ, ಎರಡು ಯೂರೋಗೂ ಕೇಳ್ತಾರೆ, ಇಲ್ಲಿ ಅದು ಅವಮಾನ ಅಲ್ಲ.)

ಬೈಗುಳಾನೂ ಇದ್ರಲ್ಲೇ. ಡಚ್ಚರು ಬೈಯೋದು ರೋಗದ ಹೆಸರು ಹಿಡಿದು: ‘ಕ್ರೈಖ್ ದ ಟೀಫಸ್’, ‘ಕ್ರೈಖ್ ದ ಟೇರಿಂಗ್’. ಟೇರಿಂಗ್ ಅಂದ್ರೆ ಕ್ಷಯ. ನಮ್ಮಜ್ಜಿ ಕೋಳಿ ಓಡಿಸ್ತಾ ‘ನಿಂಗ್ ದೊಡ್ ರೋಗ ಬರಾ’ ಅಂತಿದ್ರಲ್ಲ, ಅದೇ ರಾಗ, ಅದೇ ಅರ್ಥ. ಸೈಕಲ್ ಲೇನ್‌ನಲ್ಲಿ ನಡ್ಕೊಂಡು ಹೋಗಿ, ಒಂದು ವಾರದಲ್ಲಿ ನಿಮಗೂ ಬೀಳುತ್ತೆ. ಆದ್ರೆ ‘ಕ್ರೈಖ್ ನೌ ವಟ್!’ ಅಂದ್ರೆ ಬೈಗುಳ ಅಲ್ಲ, ‘ಅಯ್ಯೋ ಶಿವನೇ, ಇದೇನಿದು!’ ಅಷ್ಟೇ.

ನಾವಾಗೇ ಎದ್ದು ಹೋಗಿ ತಗೊಂಡು ಬರೋದು ಹಾಲನ್. ಬ್ರೆಡ್ ತರೋಕೆ ಹಾಲನ್, ಪಾರ್ಸೆಲ್ ತರೋಕೆ, ಮಗು ಕರ್ಕೊಂಡು ಬರೋಕೆ ಒಪ್‌ಹಾಲನ್. ನಾವು ‘ತಗೊಂಡ್ ಬಾ’ ಅಂತ ಎರಡು ಕೆಲಸ ಸೇರಿಸಿ ಹೇಳೋದನ್ನ ಅವ್ರು ಒಂದ್ರಲ್ಲೇ ಮುಗಿಸ್ತಾರೆ. ಓಡಿ ಹೋಗಿ ಟ್ರೈನ್ ಹಿಡಿದ್ರೂ, ಎಕ್ಸಾಮ್ ಪಾಸಾದ್ರೂ ‘ಖಹಾಲ್ಟ್!’, ಹಾಲನ್‌ದೇ ಭೂತಕಾಲ. ಡ್ರೈವಿಂಗ್ ಲೈಸೆನ್ಸೂ ಹಾಲನ್ನೇ, ಊರಲ್ಲಿ ನಾವು ಲೈಸೆನ್ಸ್ ‘ಮಾಡಿಸ್ತೀವಿ’, ಇಲ್ಲಿ ಅದನ್ನ ಹೋಗಿ ಗೆದ್ದು ತರ್ಬೇಕು, ನಾನು ಎರಡು ಸಲ ಫೇಲಾದ ಮೇಲೆ ಈ ವ್ಯತ್ಯಾಸ ಚೆನ್ನಾಗಿ ಅರ್ಥ ಆಯ್ತು. ಮಾತು ಬಂತು ಅಂತ ಹೇಳ್ತೀನಿ, ನಮ್ಮೂರ ಲೈಸೆನ್ಸ್ ಇಲ್ಲಿ ವಾಸ ಶುರುವಾದ ಮೇಲೆ 185 ದಿನ ಮಾತ್ರ ನಡೆಯುತ್ತೆ, ಹೊರದೇಶದಿಂದ ಕೆಲ್ಸಕ್ಕೆ ಬಂದೋರಿಗೆ ಕೊಡೋ 30 ಪರ್ಸೆಂಟ್ ರೂಲಿಂಗ್ ಅನ್ನೋ ಟ್ಯಾಕ್ಸ್ ರಿಯಾಯಿತೀನ ನಿಮ್ಮ ಕಂಪನಿ ಮಾಡಿಸಿ ಕೊಟ್ರೆ ಎಕ್ಸಾಮ್ ಇಲ್ದೇ ಬದಲಾಯಿಸ್ಕೊಬಹುದು, ನಮಗೆ ಆ ಭಾಗ್ಯ ಇರ್ಲಿಲ್ಲ.

ಇನ್ನು ವೊರ್ದನ್ ಅಂದ್ರೆ ಆಗು. ಗೆಟ್ ಆಂಗ್ರಿ ‘ಬೋಸ್ ವೊರ್ದನ್’, ಗೆಟ್ ಟಯರ್ಡ್ ‘ಮೂ ವೊರ್ದನ್’, ಸುಸ್ತಾಗು. ಇಲ್ಲೊಂದು ಗುಂಡಿ ಇದೆ ನೋಡ್ಕೊಳಿ. ‘ಹಸಿವಾಗ್ತಿದೆ’ಲೂ ಆಗು ಇದೆಯಲ್ಲ ಅಂತ ಹೊಂಗರ್ ಜೊತೆ ವೊರ್ದನ್ ಹಾಕಿದ್ರೆ ನೀವೇ ಹಸಿವಾಗಿ ಬದಲಾದಂಗೆ ಕೇಳ್ಸುತ್ತೆ. ಹೊಂಗರ್ ನಾಮಪದ, ಅದಕ್ಕೆ ಕ್ರೈಖನ್, ಮೂ ಗುಣವಾಚಕ, ಅದಕ್ಕೆ ವೊರ್ದನ್. ಹೆಚ್ಚುಕಮ್ಮಿ ಈ ಲೆಕ್ಕ ನಡೆಯುತ್ತೆ.

ನಂಗೆ ತುಂಬಾ ಇಷ್ಟ ಆಗಿದ್ದು ರಾಕನ್. ಇದನ್ನ ಕ್ಲಾಸಲ್ಲಿ ಟೀಚರ್ ಅರ್ಧ ಗಂಟೆ ವಿವರಿಸಿದ್ರು, ಪಕ್ಕದಲ್ಲಿದ್ದ ಇಂಗ್ಲೆಂಡಿನೋನಿಗೆ ಅರ್ಥ ಆಗ್ಲಿಲ್ಲ, ನಂಗೆ ಐದು ನಿಮಿಷದಲ್ಲಿ ಆಯ್ತು. ನಾವು ‘ಕಳೆದು ಹೋಯ್ತು’, ‘ದಾರಿ ತಪ್ಪಿ ಹೋದೆ’ ಅಂತೀವಲ್ಲ, ಆ ‘ಹೋಗು’ ಎಲ್ಲಿಗೂ ಹೋಗಲ್ಲ, ಬೇಕು ಅಂತ ಮಾಡಿದ್ದಲ್ಲ, ನಂಗೆ ಗೊತ್ತಿಲ್ದೆ ಆಗಿದ್ದು ಅಂತ ಹೇಳೋಕೆ ಅಲ್ಲಿದೆ. ರಾಕನ್ ಅದೇ ಹೋಗು. ‘ಕ್ವೈಟ್ ರಾಕನ್’ ಕಳೆದು ಹೋಗೋದು, ‘ಫರ್‌ದ್ವಾಲ್ಟ್ ರಾಕನ್’ ದಾರಿ ತಪ್ಪೋದು, ‘ಖವೆಂಟ್ ರಾಕನ್’ ಅಭ್ಯಾಸ ಆಗಿಹೋಗೋದು. ಸಂಜೆ ನಾಲ್ಕೂವರೆಗೇ ಕತ್ತಲಾಗೋ ಡಿಸೆಂಬರ್‌ಗೆ ಖವೆಂಟ್ ರಾಕನ್ ಆಗೋಕೆ ನಂಗೆ ಆರು ವರ್ಷ ಬೇಕಾಯ್ತು.

ಉಳಿದಿದ್ದು ಬೇಗ ಹೇಳ್ಬಿಡ್ತೀನಿ. ಗೆಟ್ ಎ ಹೇರ್‌ಕಟ್‌ನಲ್ಲಿ ನಮಗೆ ‘ಮಾಡಿಸು’, ಅವ್ರಿಗೆ ‘ಲಾಟನ್’. ಐ ಗೆಟ್ ಇಟ್ ‘ಇಕ್ ಸ್ನಪ್ ಹೆಟ್’, ಗೊತ್ತಾಯ್ತು ಬಿಡಿ ಅಂತ. ಟ್ರೈನ್ ಹತ್ತೋದು, ಇಳಿಯೋದು, ಬದಲಾಯಿಸೋದು ಇನ್‌ಸ್ಟಪ್ಪನ್, ಔಟ್‌ಸ್ಟಪ್ಪನ್, ಓವರ್‌ಸ್ಟಪ್ಪನ್, ಸ್ಟೇಷನ್ ಅನೌನ್ಸ್‌ಮೆಂಟ್ ಕೇಳಿ ಕೇಳಿ ತಾನಾಗೇ ಬರುತ್ತೆ.

ಡಚ್ ಬೇಕೇ ಬೇಕಾ ಅಂದ್ರೆ, ಕಂಪನಿ ಕರೆಸಿಕೊಂಡ ವೀಸಾದಲ್ಲಿ ಬರೋರಿಗೆ ಭಾಷಾ ಪರೀಕ್ಷೆ ಕಡ್ಡಾಯ ಅಲ್ಲ, ಐದು ವರ್ಷ ಆದ್ಮೇಲೆ ಪರ್ಮನೆಂಟ್ ಆಗ್ಬೇಕು, ಪಾಸ್‌ಪೋರ್ಟ್ ಬೇಕು ಅಂದಾಗ ಬೇಕಾಗುತ್ತೆ. ಆಫೀಸಲ್ಲಿ ನಿಜವಾಗ್ಲೂ ಇಂಗ್ಲಿಷೇ ನಡೆಯುತ್ತೆ. ಆದ್ರೆ ಲಂಚ್ ಟೇಬಲ್‌ನಲ್ಲಿ ಎಲ್ಲರೂ ಸ್ಯಾಂಡ್‌ವಿಚ್ ಹಿಡ್ಕೊಂಡು ಡಚ್‌ನಲ್ಲಿ ನಗ್ತಿರ್ತಾರೆ, ನಿಮ್ಮನ್ನ ನೋಡಿ ಇಂಗ್ಲಿಷ್‌ಗೆ ತಿರುಗ್ತಾರೆ, ನಗು ಅಲ್ಲಿಗೇ ನಿಲ್ಲುತ್ತೆ. ನಾನು ಕಲಿಯೋಕೆ ಶುರು ಮಾಡಿದ್ದು ಪಾಸ್‌ಪೋರ್ಟಿಗಲ್ಲ, ಅದಕ್ಕೆ.

ಕುಕ್ಕರ್ ತನ್ನಿ, ಆದ್ರೆ ಇಂಡಕ್ಷನ್ ಬೇಸ್ ಇರೋದೇ ತನ್ನಿ, ಇಲ್ಲಿ ಎಷ್ಟೋ ಮನೆಗಳಲ್ಲಿ ಗ್ಯಾಸ್ ಒಲೆ ಇರಲ್ಲ. ಗ್ಯಾಸ್ಕೆಟ್ ಎರಡು ಜಾಸ್ತಿ ಇಟ್ಕೊಳಿ. ಮೊದಲ ಸಲ ವಿಷಲ್ ಹೊಡೆದಾಗ ಪಕ್ಕದ ಮನೆಯೋರು ಬಂದು ಬೆಲ್ ಮಾಡ್ತಾರೆ, ಗಾಬರಿ ಆಗ್ಬೇಡಿ, ಬೇಳೆ ಬೇಯ್ತಿದೆ ಅಂತ ಹೇಳಿ.